ಟ್ರಕ್ಕಿನ ಸಿಬಿ ರೇಡಿಯೋ: ಮೀಟರ್ ಪ್ರಕಾರ ಬಾಡಿ ಅರ್ತ್ ಸರಿ ಇದೆ, ಆದರೂ ಎಸ್‌ಡಬ್ಲ್ಯೂಆರ್ 3ರ ಮೇಲೆ

ಹದಿನೆಂಟು_ಚಕ್ರ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಸ್ಲೀಪರ್ ಕ್ಯಾಬಿನ್ ಇರುವ ಟ್ರಕ್ ಓಡಿಸುತ್ತೇನೆ. ಹಿಂದೆ 53 ಅಡಿಯ ಬಾಕ್ಸ್ ಟ್ರೇಲರ್. ಹಳೆಯ ಗಾಡಿಯಲ್ಲಿ ಇದೇ ಸಿಬಿ (ಟ್ರಕ್ಕಿನವರು ದಾರಿಯಲ್ಲಿ ಒಬ್ಬರಿಗೊಬ್ಬರು ಮಾತಾಡುವ ರೇಡಿಯೋ), ಇದೇ 4 ಅಡಿಯ ಫೈಬರ್‌ಗ್ಲಾಸ್ ಆಂಟೆನಾ ಇತ್ತು, ಯಾವತ್ತೂ ತಕರಾರು ಮಾಡಿರಲಿಲ್ಲ. ಈಗ ಬೇರೆ ಗಾಡಿ ಸಿಕ್ಕಿದೆ. ಎರಡನ್ನೂ ಬಿಚ್ಚಿ ಇದಕ್ಕೆ ಹಾಕಿದೆ. ಅಲ್ಲಿಂದ ಶುರುವಾಯಿತು ಕಾಟ.

ಚಾನೆಲ್ 19ರಲ್ಲಿ ಮಾತಾಡಿದರೆ ಮುಂದಿನ ಗಾಡಿಯವರಿಗೂ ಬರೀ ಕರಕರ ಅಂತ ಕೇಳುತ್ತದಂತೆ. ಎಸ್‌ಡಬ್ಲ್ಯೂಆರ್ ಮೀಟರ್ ಇಟ್ಟು ನೋಡಿದೆ (ಆಂಟೆನಾಗೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಂಕಿ ಅದು, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು). ಚಾನೆಲ್ 1ರಲ್ಲಿ ಎಸ್‌ಡಬ್ಲ್ಯೂಆರ್ 3.4, 20ರಲ್ಲಿ 3.2, 40ರಲ್ಲಿ 3.5. ಮಾತಾಡುವಾಗ ಮೈಕಿನ ಜಾಲರಿ ತುಟಿಗೆ ತಾಗಿದರೆ ಚುರುಕ್ ಅನ್ನುತ್ತದೆ. ಇಂಜಿನ್ ಆನ್ ಇದ್ದರೆ ಕುಂಯ್ಯ್ ಅಂತ ಸದ್ದು ಬೇರೆ.

ಬಾಡಿ ಅರ್ತ್ (ಗಾಡಿಯ ಲೋಹದ ಜೊತೆ ಸಂಪರ್ಕ) ಸಿಗುತ್ತಿಲ್ಲವೇನೋ ಅಂತ ಮಲ್ಟಿಮೀಟರ್ ಹಿಡಿದೆ. ಆಂಟೆನಾ ಬ್ರಾಕೆಟ್‌ನಿಂದ ಬ್ಯಾಟರಿ ನೆಗೆಟಿವ್‌ಗೆ 0.3 ಓಮ್ ತೋರಿಸಿತು. ಅಂದರೆ ಅರ್ತ್ ಸರಿ ಇದೆ ಅಲ್ವಾ? ಹಾಗಾದರೆ ಆಂಟೆನಾದ ಉದ್ದವೇ ಹೆಚ್ಚುಕಮ್ಮಿ ಇರಬೇಕು. ತುದಿ ಸ್ವಲ್ಪ ಕತ್ತರಿಸಲಾ?

ಹಳೇ_ಸ್ಟೀರಿಂಗ್

ಕತ್ತರಿ ಕೆಳಗಿಡಿ ತಮ್ಮಾ. ಕತ್ತರಿಸಿದ್ದನ್ನು ಮತ್ತೆ ಅಂಟಿಸೋಕೆ ಬರಲ್ಲ.

ಉದ್ದದ ತೊಂದರೆ ಆಗಿದ್ದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಬರುತ್ತಿತ್ತು. 1ರಲ್ಲಿ ಜಾಸ್ತಿ, 40ರಲ್ಲಿ ಕಮ್ಮಿ ಬಂದರೆ ಆಂಟೆನಾ ಗಿಡ್ಡ. 40ರಲ್ಲಿ ಜಾಸ್ತಿ ಬಂದರೆ ಉದ್ದ. ನಿಮಗೆ ಮೂರೂ ಕಡೆ 3ರ ಮೇಲೆ ಬಂದಿದೆ. ಇದು ಉದ್ದದ ಜಗಳ ಅಲ್ಲ. ಒಂದೋ ಎಲ್ಲೋ ಶಾರ್ಟ್ ಆಗಿದೆ, ಇಲ್ಲಾ ಕಟ್ ಆಗಿದೆ, ಇಲ್ಲಾ ಅರ್ತ್ ಇಲ್ಲ.

ಪತ್ತೆ ಆಗೋವರೆಗೆ ಮೈಕ್ ಬಟನ್ ಜಾಸ್ತಿ ಹೊತ್ತು ಒತ್ತಬೇಡಿ. 3 ಅಂದರೆ ಕಳಿಸಿದ ಪವರ್‌ನಲ್ಲಿ 25 ಪರ್ಸೆಂಟ್ ವಾಪಸ್ ಬರ್ತಿದೆ ಅಂತ ಲೆಕ್ಕ. 2 ಇದ್ದರೆ 11, 1.5 ಇದ್ದರೆ ಬರೀ 4. 3 ದಾಟಿದ ಮೇಲೆ ಬಟನ್ ಒತ್ತಿ ಹರಟೆ ಹೊಡೆದರೆ ರೇಡಿಯೋದ ಫೈನಲ್ ಟ್ರಾನ್ಸಿಸ್ಟರ್ (ಆಂಟೆನಾಗೆ ಪವರ್ ಕಳಿಸುವ ಭಾಗ) ಸುಟ್ಟೀತು.

ಕೆಲವು ಪ್ರಶ್ನೆ. ಬ್ರಾಕೆಟ್ ಎಲ್ಲಿ ಕೂತಿದೆ, ಕನ್ನಡಿ ಕೈಯಲ್ಲಾ, ಕ್ಯಾಬಿನ್ ಹಿಂದಾ? ಕೇಬಲ್ ನಿಮ್ಮದಾ, ಗಾಡಿ ಜೊತೆ ಬಂದಿದ್ದಾ? ಅಳೆಯುವಾಗ ಟ್ರೇಲರ್ ಇತ್ತಾ? ಬಾಗಿಲು ಮುಚ್ಚಿತ್ತಾ?

ಡೀಸೆಲ್_ಘಾಟು

ಇಷ್ಟೆಲ್ಲಾ ಯಾಕೆ ಗುರು. ಬ್ರಾಕೆಟ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು ದಪ್ಪ ವೈರ್ ಎಳೆದು ಟೈಟ್ ಮಾಡಿಬಿಡಿ. ನಾವೆಲ್ಲ ಮಾಡೋದು ಅದೇ. ಆಮೇಲೂ ಆಗದಿದ್ದರೆ ರೇಡಿಯೋ ಹಿಂದೆ ಒಂದು ಆಂಪ್ಲಿಫೈಯರ್ ಹಾಕಿ, ಎಲ್ಲರಿಗೂ ಕೇಳುತ್ತೆ.

ತಾಮ್ರದ_ತಂತಿ

ಡೀಸೆಲ್ ಅವರೇ, ಎರಡಕ್ಕೂ ನನ್ನ ತಕರಾರು ಇದೆ. ಬೇಜಾರು ಮಾಡ್ಕೋಬೇಡಿ.

ಮೊದಲು ಆಂಪ್ಲಿಫೈಯರ್ ವಿಷಯ. ಅಮೆರಿಕದಲ್ಲಿ ಸಿಬಿಗೆ ಎಎಮ್‌ನಲ್ಲಿ 4 ವ್ಯಾಟ್ ಅಷ್ಟೇ, ಅದರ ಮೇಲೆ ಆಂಪ್ಲಿಫೈಯರ್ ಹಾಕುವ ಹಾಗಿಲ್ಲ. ಕಾನೂನು ಬಿಡಿ, ಈ ಗಾಡಿಯಲ್ಲಿ ಮೈಕ್ ಆಗಲೇ ತುಟಿ ಸುಡುತ್ತಿದೆ. ಅದರ ಮೇಲೆ ಪವರ್ ಏರಿಸಿದರೆ ಇನ್ನೂ ಚೆನ್ನಾಗಿ ಸುಡುತ್ತದೆ.

ಇನ್ನು ದಪ್ಪ ವೈರ್. ಟ್ರಕ್ಕಿನ ಆಂಟೆನಾ ಪೂರ್ತಿ ಆಂಟೆನಾ ಅಲ್ಲ, ಅರ್ಧ ಮಾತ್ರ. ಇನ್ನರ್ಧ ಗಾಡಿಯ ಲೋಹ. ಸಿಬಿ ಕೆಲಸ ಮಾಡುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಒಂದು ಅಲೆಯ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗ 2.75 ಮೀಟರ್, ಅಂದರೆ 9 ಅಡಿ. ನಿಜವಾದ ಆಂಟೆನಾ ಅಷ್ಟುದ್ದ ಇರಬೇಕು. ನಾವು ತಂತಿಯನ್ನು ಸುರುಳಿ ಸುತ್ತಿ 4 ಅಡಿಗೆ ಇಳಿಸಿದ್ದೇವೆ. ಆಂಟೆನಾ ಗಿಡ್ಡ ಮಾಡಿದಷ್ಟೂ ಉಳಿದರ್ಧದ ಮೇಲೆ ಭಾರ ಜಾಸ್ತಿ. ಕ್ಯಾಬಿನ್‌ನ ಲೋಹ ಬ್ರಾಕೆಟ್‌ಗೆ ಹತ್ತಿರದಿಂದ ಸಿಗಲೇಬೇಕು.

ಈಗ ಬ್ರಾಕೆಟ್‌ನಿಂದ ಬ್ಯಾಟರಿಗೆ 3 ಮೀಟರ್ ವೈರ್ ಎಳೆದಿರಿ ಅಂದುಕೊಳ್ಳಿ. ಡಿಸಿ ಕರೆಂಟಿಗೆ ಅದು ಒಳ್ಳೆ ಹೆದ್ದಾರಿ. ಆದರೆ ನೇರವಾದ ವೈರ್‌ಗೂ ಇಂಡಕ್ಟೆನ್ಸ್ (ವೇಗವಾಗಿ ಬದಲಾಗುವ ಕರೆಂಟಿಗೆ ಅಡ್ಡಿ ಮಾಡುವ ಗುಣ) ಇರುತ್ತದೆ, ಒಂದು ಮೀಟರ್ ಉದ್ದಕ್ಕೆ ಹೆಚ್ಚುಕಮ್ಮಿ 1 ಮೈಕ್ರೋ ಹೆನ್ರಿ. 27 ಮೆಗಾಹರ್ಟ್ಸ್‌ನಲ್ಲಿ ಅದು ಒಂದು ಮೀಟರಿಗೆ ಸುಮಾರು 170 ಓಮ್ ಅಡ್ಡಿ. ರೇಡಿಯೋ, ಕೇಬಲ್, ಆಂಟೆನಾ ಸೇರಿ ನಮ್ಮ ಇಡೀ ಸಿಸ್ಟಮ್ 50 ಓಮ್‌ದು! ಮೇಲಾಗಿ ಆ ವೈರ್ ಕಾಲು ಅಲೆಯಷ್ಟು ಉದ್ದ ಇದೆ, ಹಾಗಾಗಿ ಅದೇ ಒಂದು ಆಂಟೆನಾ ಆಗಿ ಕೂರುತ್ತದೆ.

ಮಲ್ಟಿಮೀಟರ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳಿದ್ದು ಡಿಸಿ ಪ್ರಶ್ನೆ, ಅದು ಕೊಟ್ಟಿದ್ದು ಡಿಸಿ ಉತ್ತರ. ರೇಡಿಯೋ ಅಲೆಗೆ ಬೇಕಾದ ಅರ್ತ್ ಅಂದರೆ ಗಿಡ್ಡ, ಅಗಲ, ಹತ್ತಿರ. ಅಗಲವಾದ ಚಪ್ಪಟೆ ಬ್ರೇಡ್ (ತಾಮ್ರದ ಎಳೆಗಳನ್ನು ಹೆಣೆದ ಪಟ್ಟಿ), ಸಾಧ್ಯವಾದರೆ ಒಂದು ಅಡಿಯೊಳಗೆ, ಬ್ರಾಕೆಟ್‌ನಿಂದ ಕ್ಯಾಬಿನ್‌ನ ಬರಿಯ ಲೋಹಕ್ಕೆ.

ಆದರೂ ಒಂದು ಅನುಮಾನ. ಆ 0.3 ಓಮ್ ಅಳೆಯುವಾಗ ಆಂಟೆನಾ ಕೇಬಲ್ ರೇಡಿಯೋಗೆ ಸಿಕ್ಕಿಸಿಯೇ ಇತ್ತಾ?

ಹದಿನೆಂಟು_ಚಕ್ರ

ಹಳೇ ಸ್ಟೀರಿಂಗ್ ಅಣ್ಣಾ, ಬ್ರಾಕೆಟ್ ಎಡಗಡೆ ಕನ್ನಡಿ ಕೈ ಮೇಲೆ ಇದೆ. ಕೈಗೆ ಮೇಲೆ ಪ್ಲಾಸ್ಟಿಕ್ ಕವರ್, ಒಳಗೆ ಲೋಹ. ಅದು ಬಾಗಿಲಿಗೆ ಕೂತಿದೆ. ಕ್ಯಾಬಿನ್ ಅಲ್ಯೂಮಿನಿಯಂ, ಬಾನೆಟ್ಟು, ಮೇಲಿನ ಫೇರಿಂಗ್ (ಗಾಳಿ ಸೀಳುವ ಹೊದಿಕೆ) ಎಲ್ಲ ಫೈಬರ್. ಕೇಬಲ್ ಗಾಡಿ ಜೊತೆ ಬಂದಿದ್ದು. ಎರಡೂ ಕನ್ನಡಿ ಹತ್ತಿರ ಒಂದೊಂದು ತುದಿ ಇದೆ, ರೇಡಿಯೋ ಹತ್ತಿರ ಒಂದೇ ಪ್ಲಗ್ ಬಂದಿದೆ. ನನ್ನ ಹತ್ತಿರ ಇರೋದು ಒಂದೇ ಆಂಟೆನಾ, ಎಡಕ್ಕೆ ಹಾಕಿದೆ. ಬಲದ ತುದಿ ಖಾಲಿ. ಅಳೆದಾಗ ಟ್ರೇಲರ್ ಇತ್ತು, ಬಾಗಿಲು ತೆರೆದಿತ್ತು.

ತಾಮ್ರದ ತಂತಿಯವರೇ, ಹೌದು, ಕೇಬಲ್ ಸಿಕ್ಕಿಸಿಯೇ ಇತ್ತು. ಅದರಿಂದೇನು?

ಹಳೇ_ಸ್ಟೀರಿಂಗ್

ಎರಡು ತುದಿ, ಒಂದು ಪ್ಲಗ್! ಒಂದು ಕಳ್ಳ ಸಿಕ್ಕಿಬಿದ್ದ. ಅದು ಜೋಡಿ ಆಂಟೆನಾ ಕೇಬಲ್, ಕೋಫೇಸ್ ಅಂತಾರೆ. ಒಂದೇ ಆಂಟೆನಾ ಹಾಕಿದರೆ ಅದು ಯಾವತ್ತೂ ಮ್ಯಾಚ್ ಆಗಲ್ಲ. ಗಾಡಿ ಬದಲಾಯಿಸಿದವರು ಬಹಳ ಜನ ಇಲ್ಲೇ ಎಡವೋದು.

ತಾಮ್ರದ_ತಂತಿ

ಅಣ್ಣ ಹೇಳಿದ್ದು ಸರಿ. ಯಾಕೆ ಅಂತ ಲೆಕ್ಕ ನೋಡಿ, ಚೆನ್ನಾಗಿದೆ.

ಎರಡು 50 ಓಮ್ ಆಂಟೆನಾಗಳನ್ನು ಸುಮ್ನೆ ಒಟ್ಟಿಗೆ ಕಟ್ಟಿದರೆ 25 ಓಮ್ ಆಗುತ್ತದೆ. ಅದು ರೇಡಿಯೋಗೆ ಹೊಂದುವುದಿಲ್ಲ. ಅದಕ್ಕೆ ಪ್ರತಿ ಆಂಟೆನಾಗೂ 75 ಓಮ್‌ನ ಕೇಬಲ್ ಹಾಕುತ್ತಾರೆ. ಆ ಕೇಬಲ್ ಕಾಲು ಅಲೆ ಅಥವಾ ಮುಕ್ಕಾಲು ಅಲೆಯಷ್ಟು ಉದ್ದ ಇದ್ದರೆ ಒಂದು ತುದಿಯ 50 ಓಮ್ ಇನ್ನೊಂದು ತುದಿಯಲ್ಲಿ 112 ಓಮ್ ಆಗಿ ಕಾಣುತ್ತದೆ (75 ಗುಣಿಸು 75, ಭಾಗಿಸು 50). ಎರಡು 112 ಒಟ್ಟಿಗೆ ಸೇರಿದರೆ 56. ರೇಡಿಯೋಗೆ ಖುಷಿ. ಮಾರುಕಟ್ಟೆಯಲ್ಲಿ ಈ ಜೋಡಿ ಕೇಬಲ್‌ಗಳು ಒಂದೊಂದು ಕಡೆಗೆ 18 ಅಡಿ ಬರುವುದು ಇದಕ್ಕೇ. ಗಟ್ಟಿ ಪ್ಲಾಸ್ಟಿಕ್ ಒಳಪದರದ ಕೇಬಲ್‌ನಲ್ಲಿ ಅಲೆ ಗಾಳಿಗಿಂತ ನಿಧಾನ ಹೋಗುತ್ತದೆ, ಸುಮಾರು 66 ಪರ್ಸೆಂಟ್ ವೇಗ. ಆ ಲೆಕ್ಕದಲ್ಲಿ 18 ಅಡಿ ಸರಿಯಾಗಿ ಮುಕ್ಕಾಲು ಅಲೆ. ಇದನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಲೆಕ್ಕ ಎಲ್ಲ ಕೆಡುತ್ತದೆ.

ಒಂದು ಕಡೆ ಆಂಟೆನಾ ಇಲ್ಲದಿದ್ದರೆ? ತುದಿ ತೆರೆದಿರುವ ಮುಕ್ಕಾಲು ಅಲೆ ಕೇಬಲ್ ಈ ಕಡೆಯಿಂದ ನೋಡಿದರೆ ಹತ್ತಿರ ಹತ್ತಿರ ಶಾರ್ಟ್ ಆದ ಹಾಗೆ ಕಾಣುತ್ತದೆ. ನಿಮ್ಮ ಬಲಗಡೆಯ ಖಾಲಿ ತುದಿ ಈಗ ಮಾಡುತ್ತಿರುವುದು ಅದೇ.

ಇನ್ನು 0.3 ಓಮ್ ವಿಷಯ. ಕೇಬಲ್ ಸಿಕ್ಕಿಸಿದ್ದಾಗ ಮಲ್ಟಿಮೀಟರಿನ ಕರೆಂಟ್ ಎಲ್ಲಿಂದ ಹೋಗಿರಬಹುದು ಹೇಳಿ. ಬ್ರಾಕೆಟ್, ಅಲ್ಲಿಂದ ಕೇಬಲ್‌ನ ಹೊರ ಜಾಲರಿ (ಒಳತಂತಿಯ ಸುತ್ತ ಇರುವ ಲೋಹದ ಹೆಣಿಗೆ), ಅಲ್ಲಿಂದ ರೇಡಿಯೋ ಡಬ್ಬ, ಅಲ್ಲಿಂದ ರೇಡಿಯೋದ ಕಪ್ಪು ವೈರ್, ಬ್ಯಾಟರಿ. ಕನ್ನಡಿ ಕೈ ಕ್ಯಾಬಿನ್‌ಗೆ ತಾಗಿರಲೇಬೇಕು ಅಂತಿಲ್ಲ. ರೇಡಿಯೋ ಹಿಂದಿನ ಪ್ಲಗ್ ಬಿಚ್ಚಿ, ಬ್ರಾಕೆಟ್‌ನಿಂದ ಬಾಗಿಲ ಲೋಹಕ್ಕೆ, ಆಮೇಲೆ ಬಾಗಿಲಿನಿಂದ ಕ್ಯಾಬಿನ್ ಕಂಬಕ್ಕೆ, ಕ್ಯಾಬಿನ್‌ನಿಂದ ಚಾಸಿಗೆ, ಹೀಗೆ ತುಂಡು ತುಂಡಾಗಿ ಅಳೆಯಿರಿ.

ರಾತ್ರಿ_ಲೋಡು

ಹಾಗಾದರೆ ಅವರು ಎರಡನೇ ಆಂಟೆನಾ ತಗೊಂಡರೆ ಮುಗೀತಲ್ಲ? ನೋಡೋಕೂ ಲಕ್ಷಣ. ಎರಡು ಆಂಟೆನಾ ಇದ್ದರೆ ಎರಡು ಪಟ್ಟು ದೂರ ಹೋಗುತ್ತೆ ಅಂತಾರೆ, ನಿಜವಾ?

ಹಳೇ_ಸ್ಟೀರಿಂಗ್

ಎರಡು ಪಟ್ಟೂ ಇಲ್ಲ, ಏನೂ ಇಲ್ಲ ಮಾರಾಯ್ರೇ. ಎರಡು ಹಾಕಿದರೆ ರಸ್ತೆಯ ಹಿಂದೆ ಮುಂದೆ ಸ್ವಲ್ಪ ಜಾಸ್ತಿ, ಅಕ್ಕಪಕ್ಕ ಸ್ವಲ್ಪ ಕಮ್ಮಿ. ಅದೂ ಎರಡರ ನಡುವೆ 9 ಅಡಿ ಹತ್ತಿರ ಹತ್ತಿರ ಜಾಗ ಇದ್ದರೆ. ಟ್ರಕ್ಕಿನ ಕನ್ನಡಿಗಳ ನಡುವೆ ಹೆಚ್ಚುಕಮ್ಮಿ ಅಷ್ಟು ಸಿಗುತ್ತೆ, ಕಾರಿಗೆ ಎರಡು ಹಾಕೋದು ಬರೀ ಶೋಕಿ. ಇನ್ನೊಂದು ಲಾಭ ಏನೆಂದರೆ ಒಂದು ಕಡೆಯ ಆಂಟೆನಾವನ್ನು ಕ್ಯಾಬಿನ್, ಟ್ರೇಲರ್ ಮರೆ ಮಾಡಿದರೂ ಇನ್ನೊಂದು ಕಡೆಯದು ನೋಡುತ್ತಿರುತ್ತೆ.

ಆದರೆ ಎರಡು ಇದ್ದರೆ ರಗಳೆಯೂ ಎರಡು. ಎರಡೂ ಒಂದೇ ಮಾಡೆಲ್, ಒಂದೇ ಉದ್ದ ಇರಬೇಕು. ತುದಿಯ ಸ್ಕ್ರೂ ಒಂದರಲ್ಲಿ ಎಷ್ಟು ತಿರುಗಿಸಿದಿರೋ ಇನ್ನೊಂದರಲ್ಲೂ ಅಷ್ಟೇ. ಒಂದು ಕಡೆ ಅರ್ತ್ ಹೋದರೆ ಯಾವ ಕಡೆ ಅಂತ ಹುಡುಕೋಕೆ ಅರ್ಧ ದಿನ ಬೇಕು. ನನ್ನ ಓಟು ಒಂದೇ ಆಂಟೆನಾ, ಚೆನ್ನಾಗಿರೋ ಒಂದು 50 ಓಮ್ ಕೇಬಲ್, ಗಟ್ಟಿ ಅರ್ತ್.

ತಾಮ್ರದ_ತಂತಿ

ನನ್ನ ಓಟು ಎರಡಕ್ಕೇ, ಆದರೆ ಮೊದಲು ಒಂದನ್ನು ಸರಿ ಮಾಡಿದ ಮೇಲೆ. ಪತ್ತೆ ಹಚ್ಚುವಾಗ ವ್ಯವಸ್ಥೆ ಸರಳ ಇದ್ದಷ್ಟೂ ಒಳ್ಳೆಯದು. ಆರ್‌ಜಿ-8ಎಕ್ಸ್ ಅಥವಾ ಆರ್‌ಜಿ-58 ಅನ್ನುವ ಒಂದು 50 ಓಮ್ ಕೇಬಲ್ ಎಡ ಬ್ರಾಕೆಟ್‌ನಿಂದ ನೇರ ರೇಡಿಯೋಗೆ ಎಳೆಯಿರಿ. ಬಾಗಿಲ ಸಂದಿಯಲ್ಲಿ ಚಪ್ಪಟೆ ಆಗದ ಹಾಗೆ, ರಬ್ಬರ್ ಬೀಡಿಂಗ್ ಮೆತ್ತಗಿರುವ ಕಡೆಯಿಂದ ತನ್ನಿ. ಬಾಗಿಲು ಕೇಬಲನ್ನು ಅಮುಕಿದ ಜಾಗದಲ್ಲಿ ಒಳತಂತಿ ನಿಧಾನಕ್ಕೆ ಜಾಲರಿ ಕಡೆ ಸರಿದು ಒಂದು ದಿನ ಶಾರ್ಟ್ ಆಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ.

ಹದಿನೆಂಟು_ಚಕ್ರ

ಹೊಸ ಆರ್‌ಜಿ-8ಎಕ್ಸ್ ಎಳೆದೆ. ಟ್ರೇಲರ್ ಸಮೇತ ಖಾಲಿ ಜಾಗದಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ ಅಳೆದೆ. ಚಾನೆಲ್ 1ರಲ್ಲಿ 2.7, 20ರಲ್ಲಿ 2.3, 40ರಲ್ಲಿ 2.0. ಇಳಿದಿದೆ, ಆದರೂ ಸಾಲದು. ಮೈಕ್ ಈಗಲೂ ಸ್ವಲ್ಪ ಕಚ್ಚುತ್ತದೆ. ವಿಚಿತ್ರ ಅಂದರೆ ಕೇಬಲನ್ನು ಕೈಯಲ್ಲಿ ಮುಷ್ಟಿ ಹಿಡಿದರೆ ಮೀಟರ್ ಮುಳ್ಳು ಅಲ್ಲಾಡುತ್ತದೆ! ಕೇಬಲ್ ಮೇಲೆ ಪ್ಲಾಸ್ಟಿಕ್ ಇದೆಯಲ್ಲ, ಹೇಗೆ?

ಮಲ್ಟಿಮೀಟರನ್ನೂ ಹೇಳಿದ ಹಾಗೆ ಹಿಡಿದೆ. ಪ್ಲಗ್ ಬಿಚ್ಚಿದರೆ ಬ್ರಾಕೆಟ್‌ನಿಂದ ಬಾಗಿಲಿಗೆ ಓಪನ್. ಸಂಪರ್ಕ ಏನೇನೂ ಇಲ್ಲ. ಬಾಗಿಲಿನಿಂದ ಕ್ಯಾಬಿನ್‌ಗೆ ಒಮ್ಮೆ 2 ಓಮ್, ಬಾಗಿಲು ಅಲ್ಲಾಡಿಸಿದರೆ 15, ಮತ್ತೆ 4. ಕ್ಯಾಬಿನ್‌ನಿಂದ ಚಾಸಿಗೆ 0.2.

ಡೀಸೆಲ್_ಘಾಟು

1ರಲ್ಲಿ ಜಾಸ್ತಿ, 40ರಲ್ಲಿ ಕಮ್ಮಿ. ಅಂದರೆ ಅಣ್ಣ ಹೇಳಿದ ಪ್ರಕಾರ ಆಂಟೆನಾ ಗಿಡ್ಡ. ತುದಿ ಸ್ಕ್ರೂ ಮೇಲೆತ್ತಿ, ಅಥವಾ ಕೆಳಗೊಂದು ಸ್ಪ್ರಿಂಗ್ ಹಾಕಿ ಉದ್ದ ಮಾಡಿ.

ತಾಮ್ರದ_ತಂತಿ

ಬೇಡ, ಈಗಲೇ ಬೇಡ. ಈ ಅಂಕಿಗಳನ್ನು ನಂಬುವ ಹಾಗಿಲ್ಲ. ಕೈಯಲ್ಲಿ ಕೇಬಲ್ ಹಿಡಿದರೆ ಮುಳ್ಳು ಅಲ್ಲಾಡುವುದೇ ಸಾಕ್ಷಿ.

ಕೇಬಲ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕರೆಂಟ್ ಎಲ್ಲ ಒಳಗೇ ಇರುತ್ತದೆ. ಒಳತಂತಿಯಲ್ಲಿ ಎಷ್ಟು ಹೋಗುತ್ತದೋ ಜಾಲರಿಯ ಒಳಮೈಯಲ್ಲಿ ಅಷ್ಟೇ ವಾಪಸ್. ಹೊರಗೆ ಏನೂ ಇಲ್ಲ. ಆದರೆ ಆಂಟೆನಾದ ಬುಡದಲ್ಲಿ ಅರ್ತ್ ಸಿಗದಿದ್ದರೆ ಉಳಿದರ್ಧವನ್ನು ಹುಡುಕಿಕೊಂಡು ಕರೆಂಟ್ ಜಾಲರಿಯ ಹೊರಮೈ ಹಿಡಿದು ಕ್ಯಾಬಿನ್ ಒಳಗೆ ಬರುತ್ತದೆ. ರೇಡಿಯೋ ಡಬ್ಬಕ್ಕೆ, ಮೈಕಿಗೆ, ನಿಮ್ಮ ತುಟಿಗೆ. ಅಂದರೆ ಸದ್ಯಕ್ಕೆ ನಿಮ್ಮ ಆಂಟೆನಾದ ಇನ್ನರ್ಧ ಈ ಕೇಬಲ್ಲೇ. ಅದರ ಉದ್ದ, ಅದು ಬಿದ್ದಿರುವ ರೀತಿ, ನೀವು ಹಿಡಿದ ಜಾಗ, ಎಲ್ಲವೂ ಎಸ್‌ಡಬ್ಲ್ಯೂಆರ್ ಬದಲಾಯಿಸುತ್ತವೆ.

ಖಾತ್ರಿ ಬೇಕಾದರೆ ಮೀಟರ್ ಮತ್ತು ರೇಡಿಯೋ ನಡುವಿನ ಗಿಡ್ಡ ಕೇಬಲ್ ಬದಲು ಉದ್ದನೆಯದೊಂದು ಹಾಕಿ ನೋಡಿ. ಅರ್ತ್ ಸರಿ ಇದ್ದರೆ ಅಂಕಿ ಹೆಚ್ಚು ಬದಲಾಗಬಾರದು. ಬದಲಾದರೆ ಹೊರಮೈಯಲ್ಲಿ ಕರೆಂಟ್ ಓಡಾಡುತ್ತಿದೆ. "ಸಿಬಿಗೆ 18 ಅಡಿ ಕೇಬಲ್ಲೇ ಬೇಕು" ಅನ್ನುವ ಮಾತು ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು. ಒಂಟಿ ಆಂಟೆನಾ ಚೆನ್ನಾಗಿ ಮ್ಯಾಚ್ ಆಗಿದ್ದರೆ 9 ಅಡಿಯಾದರೂ ನಡೆಯುತ್ತದೆ, 20 ಅಡಿಯಾದರೂ ನಡೆಯುತ್ತದೆ. ಕೇಬಲ್ ಉದ್ದ ಬದಲಿಸಿ ಎಸ್‌ಡಬ್ಲ್ಯೂಆರ್ ಇಳಿಸಿದವರು ಮೀಟರಿಗೆ ಮದ್ದು ಕೊಟ್ಟಿದ್ದಾರೆ, ಆಂಟೆನಾಗೆ ಅಲ್ಲ.

ಹಳೇ_ಸ್ಟೀರಿಂಗ್

ಬ್ರಾಕೆಟ್ ಓಪನ್ ತೋರಿಸಿದ್ದು ಆಶ್ಚರ್ಯ ಇಲ್ಲ. ಬ್ರಾಕೆಟ್‌ಗೆ ಪೌಡರ್ ಕೋಟಿಂಗ್ ಬಣ್ಣ, ಕನ್ನಡಿ ಕೈಗೆ ಬಣ್ಣ, ನಡುವೆ ರಬ್ಬರ್ ಪ್ಯಾಕಿಂಗ್. ಎಲ್ಲಿಂದ ಸಿಗುತ್ತೆ ಅರ್ತ್?

ಈಗ ಸ್ಟಡ್ (ಆಂಟೆನಾ ತಿರುಗಿಸಿ ಕೂರಿಸುವ ಬೋಲ್ಟ್) ಬಿಚ್ಚುವಾಗ ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಟ್ಟೆ ಮೇಲೆ ಸಾಲಾಗಿ ಇಡಿ. ಅದರಲ್ಲೊಂದು ಬಿಳಿ ಅಥವಾ ಕಪ್ಪು ನೈಲಾನ್ ವಾಷರ್ ಇರುತ್ತೆ, ನಡುವೆ ಸಣ್ಣ ಕತ್ತು ಇರೋದು. ಆ ಕತ್ತು ಬ್ರಾಕೆಟ್‌ನ ತೂತಿನೊಳಗೆ ಕೂರಬೇಕು. ಅದೇ ಆಂಟೆನಾ ಕೂರುವ ಮೇಲಿನ ನಟ್ಟನ್ನು ಬ್ರಾಕೆಟ್‌ನಿಂದ ದೂರ ಇಡೋದು. ಕತ್ತು ತೂತಿನಲ್ಲಿ ಕೂರದೆ ಸೊಟ್ಟ ಆದರೆ, ಅಥವಾ ಮೇಲಿನ ವಾಷರ್ ಕೆಳಗೆ ಹೋದರೆ, ಆಂಟೆನಾ ನೇರ ಅರ್ತ್‌ಗೆ ಶಾರ್ಟ್. ಕೆಳಗಿನ ಭಾಗ, ಕೇಬಲ್ ಪ್ಲಗ್ ಕೂರುವ ಕಡೆ, ಬ್ರಾಕೆಟ್‌ನ ಬರಿಯ ಲೋಹಕ್ಕೆ ಕಚ್ಚಬೇಕು. ಅಲ್ಲಿ ಬಣ್ಣ ಕೆರೆದು ಒಂದು ಹಲ್ಲಿನ ವಾಷರ್ ಹಾಕಿ.

ಜೋಡಿಸಿದ ಮೇಲೆ, ಆಂಟೆನಾ ಬಿಚ್ಚಿಟ್ಟು, ಕೇಬಲ್‌ನ ರೇಡಿಯೋ ಕಡೆಯ ಪ್ಲಗ್‌ನಲ್ಲಿ ಮಲ್ಟಿಮೀಟರ್ ಹಿಡಿದು ಸಂಪರ್ಕ ಅಳೆಯಿರಿ. ನಡುವಿನ ಪಿನ್‌ನಿಂದ ಸ್ಟಡ್‌ಗೆ ಸಿಗಬೇಕು. ಹೊರಗಿನ ಉಂಗುರದಿಂದ ಬ್ರಾಕೆಟ್‌ಗೆ ಸಿಗಬೇಕು. ಪಿನ್‌ನಿಂದ ಉಂಗುರಕ್ಕೆ ಸಿಗಬಾರದು. ಆಂಟೆನಾ ಹಾಕಿಯೇ ಅಳೆದು "ಶಾರ್ಟ್" ಅಂತ ಹೆದರಬೇಡಿ, ಬುಡದಲ್ಲಿ ಸುರುಳಿ ಇರುವ ಕೆಲವು ಆಂಟೆನಾ ಡಿಸಿಗೆ ಶಾರ್ಟ್ ತೋರಿಸೋದೇ ಸರಿ.

ತಾಮ್ರದ_ತಂತಿ

ಬಾಗಿಲ ಹಿಂಜ್ ಬಗ್ಗೆ ಒಂದು ಮಾತು. 2, 15, 4 ಅಂತ ಕುಣಿಯುತ್ತಿದೆಯಲ್ಲ, ಹಿಂಜ್ ನಡುವೆ ಗ್ರೀಸ್, ಬುಷ್, ತುಕ್ಕು ಇರುತ್ತದೆ. ಗಾಡಿ ಓಡುವಾಗ ಅದು ಸಿಗುವುದು, ಬಿಡುವುದು ನಡೆಯುತ್ತಲೇ ಇರುತ್ತದೆ. ಮಾತಿನ ಮಧ್ಯೆ ಚಟಪಟ ಬರುವುದಕ್ಕೂ ಇದು ಕಾರಣ ಆಗಬಹುದು. ಹಾಗಾಗಿ ಎರಡು ಬ್ರೇಡ್ ಬೇಕು. ಒಂದು ಬ್ರಾಕೆಟ್‌ನಿಂದ ಬಾಗಿಲ ಚೌಕಟ್ಟಿಗೆ. ಇನ್ನೊಂದು ಬಾಗಿಲಿನಿಂದ ಕ್ಯಾಬಿನ್ ಕಂಬಕ್ಕೆ, ಹಿಂಜ್ ಪಕ್ಕದಲ್ಲೇ, ಬಾಗಿಲು ಪೂರ್ತಿ ತೆರೆದಾಗ ಎಳೆಯದಷ್ಟು ಸಡಿಲ ಬಿಟ್ಟು.

ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಲೋಹ ಕಾಣಬೇಕು, ಬೋಲ್ಟ್ ತಲೆಯಷ್ಟು ಅಗಲ. ಕ್ಯಾಬಿನ್ ಅಲ್ಯೂಮಿನಿಯಂ, ಬ್ರೇಡ್ ತಾಮ್ರ. ಇವೆರಡರ ನಡುವೆ ನೀರು, ಉಪ್ಪು ಸಿಕ್ಕರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಕಡೆ ಓಡಿಸುವವರಿಗೆ ಇದು ದೊಡ್ಡ ತಲೆನೋವು. ತವರ ಲೇಪಿಸಿದ ಬ್ರೇಡ್ ತಗೊಳ್ಳಿ. ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿಯಿರಿ.

ನಿಮ್ಮ ಕ್ಯಾಬಿನ್ ಲೋಹದ್ದಾದ್ದರಿಂದ ಇದು ಸಾಕು. ಪೂರ್ತಿ ಫೈಬರ್ ಬಾಡಿ ಇರುವವರಿಗೆ ಬೇರೆ ದಾರಿ. ಗ್ರೌಂಡ್ ಬೇಡದ ಆಂಟೆನಾ ಅಂತ ಕಿಟ್ ಸಿಗುತ್ತದೆ. ಅದರಲ್ಲಿ ಕೇಬಲ್ಲೇ ಲೆಕ್ಕ ಹಾಕಿ ಮಾಡಿದ ಭಾಗ. ಅದನ್ನು ಕತ್ತರಿಸಬಾರದು, ಬೇರೆ ಕೇಬಲ್ ಹಾಕಬಾರದು, ಆ ಕೇಬಲ್‌ಗೆ ಮಾಮೂಲಿ ಆಂಟೆನಾ ಹಾಕಿದರೂ ಕೆಲಸ ಮಾಡಲ್ಲ.

ಬೆಟ್ಟದ_ಇಳಿಜಾರು

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಯುರೋಪಿನಲ್ಲಿ ಓಡಿಸೋದು, ಗಾಡಿ 24 ವೋಲ್ಟ್. ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿದೆ. ಸಿಬಿ 12 ವೋಲ್ಟ್‌ದು. ಒಂದು ಬ್ಯಾಟರಿಯಿಂದ ನೇರ 12 ವೋಲ್ಟ್ ತಗೊಂಡರೆ ಆಗಲ್ವಾ? ಗೆಳೆಯನೊಬ್ಬ ಹಾಗೇ ಮಾಡಿದ್ದಾನೆ.

ತಾಮ್ರದ_ತಂತಿ

ಮಾಡಬೇಡಿ ಸಾರ್. ಒಂದು ಬ್ಯಾಟರಿ ಮಾತ್ರ ಖಾಲಿ ಆಗುತ್ತದೆ. ಆದರೆ ಆಲ್ಟರ್ನೇಟರ್ ಚಾರ್ಜ್ ಮಾಡುವುದು ಎರಡನ್ನೂ ಸೇರಿಸಿ. ಖಾಲಿ ಆದದ್ದು ಪೂರ್ತಿ ತುಂಬುವುದಿಲ್ಲ, ತುಂಬಿದ್ದಕ್ಕೆ ಓವರ್‌ಚಾರ್ಜ್. ಎರಡೂ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ತೀರಾ ಅಗ್ಗದ್ದು ಬೇಡ, ಅವುಗಳ ಸ್ವಿಚಿಂಗ್ ಸದ್ದು ನೇರ 27 ಮೆಗಾಹರ್ಟ್ಸ್ ಮೇಲೆ ಬಂದು ಕೂರುತ್ತದೆ. ಆಂಟೆನಾ ಕೇಬಲ್‌ನಿಂದ ದೂರ ಇಡಿ.

ಡೀಸೆಲ್_ಘಾಟು

ಸರಿ, ಅರ್ತ್‌ಗೆ ಉದ್ದ ವೈರ್ ಬೇಡ ಅಂತ ಒಪ್ಪಿದೆ. ಆದರೆ ರೇಡಿಯೋದ ಕರೆಂಟ್‌ಗೆ? ಕೆಂಪು, ಕಪ್ಪು ಎರಡೂ ನೇರ ಬ್ಯಾಟರಿಗೆ ಹೋಗಬೇಕು ತಾನೇ? ಸದ್ದು ಕಮ್ಮಿ ಆಗುತ್ತೆ ಅಂತ ಎಲ್ಲರೂ ಹೇಳೋದೇ.

ಹಳೇ_ಸ್ಟೀರಿಂಗ್

ನೇರ ಬ್ಯಾಟರಿಯಿಂದ ತಗೊಂಡರೆ ಸದ್ದು ಕಮ್ಮಿ, ನಿಜ. ಕೆಂಪಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ, ರೇಡಿಯೋ ಹತ್ತಿರ ಅಲ್ಲ. ಮಧ್ಯೆ ಎಲ್ಲಾದರೂ ವೈರ್ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತಬಾರದು. ಕಪ್ಪಿನ ವಿಷಯದಲ್ಲಿ ಹುಷಾರು.

ಬ್ಯಾಟರಿಯಿಂದ ಚಾಸಿಗೆ ಹೋಗುವ ದಪ್ಪ ಕೇಬಲ್ ಇದೆಯಲ್ಲ, ಅದು ಒಂದು ದಿನ ಸಡಿಲ ಆಯ್ತು ಅಂದುಕೊಳ್ಳಿ. ಸ್ಟಾರ್ಟ್ ಹೊಡೆದಾಗ ಸ್ಟಾರ್ಟರ್ ಎಳೆಯೋದು ನೂರಾರು ಆಂಪಿಯರ್. ಅದು ವಾಪಸ್ ಬರೋಕೆ ದಾರಿ ಹುಡುಕುತ್ತೆ. ಚಾಸಿ, ಕ್ಯಾಬಿನ್, ಆಂಟೆನಾ ಬ್ರಾಕೆಟ್, ಕೇಬಲ್ ಜಾಲರಿ, ರೇಡಿಯೋ, ಕಪ್ಪು ವೈರ್, ಬ್ಯಾಟರಿ. ಈಗ ಹೊಸದಾಗಿ ಹಾಕ್ತಿರೋ ಬ್ರೇಡ್ ಈ ದಾರಿಯನ್ನು ಇನ್ನೂ ಸಲೀಸು ಮಾಡುತ್ತೆ. ಕೇಬಲ್ ಕರಗಿ ವಾಸನೆ ಬಂದಾಗಲೇ ಗೊತ್ತಾಗೋದು.

ಅಮೆರಿಕದ ಬಹಳಷ್ಟು ಟ್ರಕ್‌ಗಳಲ್ಲಿ ಸಿಬಿಗೆ ಅಂತಲೇ ಕೆಂಪು ಕಪ್ಪು ಪೋಸ್ಟ್ ಇರುತ್ತೆ, ಅದನ್ನೇ ಬಳಸಿ. ನೇರ ಬ್ಯಾಟರಿಯೇ ಬೇಕು ಅಂದರೆ ಕಪ್ಪಿಗೂ ಫ್ಯೂಸ್ ಹಾಕಿ, ಅಥವಾ ಕಪ್ಪನ್ನು ಬ್ಯಾಟರಿ ಕೇಬಲ್ ಚಾಸಿಗೆ ಸೇರುವ ಜಾಗದಲ್ಲಿ ಕೂರಿಸಿ.

ಹದಿನೆಂಟು_ಚಕ್ರ

ಪೋಸ್ಟ್ ಇದೆ ಅಣ್ಣಾ, ಡ್ಯಾಶ್‌ಬೋರ್ಡ್ ಮೇಲೇ. ಅದಕ್ಕೇ ಹಾಕಿದ್ದೇನೆ.

ಬ್ರೇಡ್ ಎರಡೂ ಹಾಕಿ ಮುಗಿಸಿದೆ. ಬ್ರಾಕೆಟ್ ಬಿಚ್ಚಿದಾಗ ನೈಲಾನ್ ವಾಷರ್ ಸರಿಯಾಗೇ ಕೂತಿತ್ತು. ಆದರೆ ಬ್ರಾಕೆಟ್‌ನ ಕೆಳಗಡೆ ಬಣ್ಣ ಎಷ್ಟು ದಪ್ಪ ಅಂದರೆ, ಪ್ಲಗ್ ಕೂತ ಜಾಗದಲ್ಲಿ ಒಂದು ಉಂಗುರದ ಗುರುತು ಮಾತ್ರ ಬಿದ್ದಿತ್ತು, ಲೋಹಕ್ಕೆ ತಾಗಿಯೇ ಇರಲಿಲ್ಲ. ಒಂದು ಕಡೆ ಅಂಚಿನಲ್ಲಿ ಚೂರು ಕಿತ್ತು ಬಂದಿತ್ತು, ಬಹುಶಃ 0.3 ಓಮ್ ಬಂದದ್ದು ಅಲ್ಲಿಂದ. ಕನ್ನಡಿ ಕೈಯ ಕಡೆ ಹಿಡಿಕೆಯ ಒಳಗೆ ರಬ್ಬರ್ ಪಟ್ಟಿ. ಎಲ್ಲ ಕೆರೆದು, ಹಲ್ಲಿನ ವಾಷರ್ ಹಾಕಿ, ಬ್ರೇಡ್ ಬಿಗಿದೆ.

ಈಗ ಚಾನೆಲ್ 1ರಲ್ಲಿ 1.3, 20ರಲ್ಲಿ 1.5, 40ರಲ್ಲಿ 1.9. ಕೇಬಲ್ ಮುಷ್ಟಿ ಹಿಡಿದರೂ ಮುಳ್ಳು ಮಿಸುಕಲ್ಲ. ಮೈಕ್ ಕಚ್ಚೋದು ನಿಂತಿದೆ.

ತಾಮ್ರದ_ತಂತಿ

ಈ ಅಂಕಿಗಳನ್ನು ನಂಬಬಹುದು. ಗಮನಿಸಿದಿರಾ, ಮೊದಲು 1ರಲ್ಲಿ ಜಾಸ್ತಿ ಇತ್ತು, ಈಗ 40ರಲ್ಲಿ ಜಾಸ್ತಿ. ಅರ್ತ್ ಇಲ್ಲದಾಗ ಮೀಟರ್ "ಗಿಡ್ಡ" ಅನ್ನುತ್ತಿತ್ತು, ಈಗ "ಉದ್ದ" ಅನ್ನುತ್ತಿದೆ. ಆಗಲೇ ಸ್ಪ್ರಿಂಗ್ ಹಾಕಿದ್ದರೆ ಈಗ ಅದನ್ನು ಬಿಚ್ಚುವ ಕೆಲಸ.

ತುದಿಯ ರಬ್ಬರ್ ಟೋಪಿ ತೆಗೆದು ಸ್ಕ್ರೂ ಒಂದೆರಡು ಸುತ್ತು ಕೆಳಗಿಳಿಸಿ. ಟೋಪಿ ಹಾಕಿಯೇ ಅಳೆಯಿರಿ, ಏಣಿ ಇಳಿದು ಬಂದು ಬಾಗಿಲು ಮುಚ್ಚಿ ಅಳೆಯಿರಿ. 1ರಲ್ಲೂ 40ರಲ್ಲೂ ಒಂದೇ ಅಂಕಿ ಬಂದಾಗ ನಿಲ್ಲಿಸಿ. ಟ್ರೇಲರ್ ಬಿಚ್ಚಿದಾಗ ಸ್ವಲ್ಪ ಬದಲಾಗುತ್ತದೆ. 13 ಅಡಿ 6 ಇಂಚು ಎತ್ತರದ ಲೋಹದ ಪೆಟ್ಟಿಗೆ ಬೆನ್ನ ಹಿಂದೆ ಇದ್ದರೆ ಬದಲಾಗದೆ ಇರುತ್ತದಾ? ಯಾವ ಸ್ಥಿತಿಯಲ್ಲಿ ಜಾಸ್ತಿ ಓಡಿಸುತ್ತೀರೋ ಅದಕ್ಕೆ ಹೊಂದಿಸಿ.

ಹದಿನೆಂಟು_ಚಕ್ರ

1ರಲ್ಲಿ 1.5, 20ರಲ್ಲಿ 1.2, 40ರಲ್ಲಿ 1.5. ಇಲ್ಲಿಗೆ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಸಮತಟ್ಟು ರಸ್ತೆಯಲ್ಲಿ ಈಗ ಕೆಲವು ಮೈಲಿ ಮುಂದಿನವರು ಸ್ಪಷ್ಟವಾಗಿ ಉತ್ತರ ಕೊಡುತ್ತಾರೆ.

ಆದರೆ ಕುಂಯ್ಯ್ ಸದ್ದು ಹೋಗಿಲ್ಲ. ಇಂಜಿನ್ ವೇಗ ಏರಿಸಿದರೆ ಅದೂ ಏರುತ್ತದೆ. ಜೊತೆಗೆ ಇನ್ನೊಂದು ಭರ್ರ್ ಅನ್ನುವ ಸದ್ದು, ಅದು ಇಂಜಿನ್ ನಿಲ್ಲಿಸಿದರೂ ಇರುತ್ತದೆ.

ತಾಮ್ರದ_ತಂತಿ

ಎರಡು ಬೇರೆ ಬೇರೆ ರೋಗ. ರೇಡಿಯೋ ಹಿಂದಿನ ಆಂಟೆನಾ ಪ್ಲಗ್ ಬಿಚ್ಚಿ, ವಾಲ್ಯೂಮ್ ಏರಿಸಿ ಕೇಳಿ. ಬಟನ್ ಮಾತ್ರ ಒತ್ತಬೇಡಿ. ಬಿಚ್ಚಿದ ಮೇಲೂ ಇರುವ ಸದ್ದು ಕರೆಂಟ್ ವೈರಿನಿಂದ ಬರುತ್ತಿದೆ. ಬಿಚ್ಚಿದೊಡನೆ ನಿಂತ ಸದ್ದು ಆಂಟೆನಾದಿಂದ.

ಇಂಜಿನ್ ಜೊತೆ ಏರಿಳಿಯುವ ಕುಂಯ್ಯ್ ಸಾಮಾನ್ಯವಾಗಿ ಆಲ್ಟರ್ನೇಟರ್‌ದು, ವೈರಿನಿಂದ ಬರುವುದು. ಅದಕ್ಕೆ ಕರೆಂಟ್ ಲೈನ್‌ಗೆ ಹಾಕುವ ಫಿಲ್ಟರ್ ಸಿಗುತ್ತದೆ. ಭರ್ರ್ ಅನ್ನುವುದು ಈಗಿನ ಕಾಲದ ಪಿಡುಗು. ಫೋನ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಎಲ್‌ಇಡಿ ದೀಪ, ಇನ್ವರ್ಟರ್, ಫ್ರಿಜ್. ಒಂದೊಂದನ್ನೇ ಕೀಳುತ್ತಾ ಹೋಗಿ. ಕಳ್ಳ ಸಿಕ್ಕ ಮೇಲೆ ಅದರ ವೈರಿಗೆ ಕ್ಲಿಪ್ ಮಾಡುವ ಫೆರೈಟ್ (ಸದ್ದನ್ನು ತಡೆಯುವ ಕಾಂತೀಯ ಬಿಲ್ಲೆ) ಹಾಕಿ, ವೈರನ್ನು ಅದರೊಳಗೆ ಎರಡು ಮೂರು ಸುತ್ತು ಸುತ್ತಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ರಾತ್ರಿ_ಲೋಡು

ನನ್ನದೂ ಒಂದು. ಕೆಲವು ಹಗಲು ಎಲ್ಲೋ ಸಾವಿರ ಮೈಲಿ ಆಚೆಯವರೆಲ್ಲ ಒಟ್ಟಿಗೆ ಕೂಗಾಡಿದ ಹಾಗೆ ಕೇಳುತ್ತೆ, ಪಕ್ಕದ ಗಾಡಿಯವರು ಕೇಳಲ್ಲ. ಅದೂ ಅರ್ತ್ ತೊಂದರೇನಾ?

ಹಳೇ_ಸ್ಟೀರಿಂಗ್

ಅಲ್ಲ, ಅದು ಆಕಾಶದ ಆಟ. ಅಲೆ ಮೇಲಿನ ಅಯಾನುಗೋಳಕ್ಕೆ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ತಾಗಿ ವಾಪಸ್ ಬೀಳುತ್ತೆ, ಸ್ಕಿಪ್ ಅಂತಾರೆ. ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ ಇನ್ನೂ ಜೋರು. ಸ್ಕ್ವೆಲ್ಚ್ (ದುರ್ಬಲ ಸದ್ದನ್ನು ಮುಚ್ಚುವ ಗುಂಡಿ) ಏರಿಸಿ, ಆರ್‌ಎಫ್ ಗೇನ್ (ಬರುವ ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನುವ ಗುಂಡಿ) ಇಳಿಸಿ, ಹತ್ತಿರದವರು ಮಾತ್ರ ಕೇಳುತ್ತಾರೆ. ಅದಕ್ಕಾಗಿ ಆಂಟೆನಾ ಮುಟ್ಟಬೇಡಿ.

ಹದಿನೆಂಟು_ಚಕ್ರ

ಭರ್ರ್ ಸದ್ದಿನ ಕಳ್ಳ ಡ್ಯಾಶ್ ಕ್ಯಾಮೆರಾದ ಚಾರ್ಜರ್. ಕಿತ್ತ ಕೂಡಲೇ ಎಲ್ಲ ಶಾಂತ. ಫೆರೈಟ್ ತರಿಸಿದ್ದೇನೆ. ಆಲ್ಟರ್ನೇಟರ್ ಸದ್ದಿಗೆ ಫಿಲ್ಟರ್ ಹಾಕಿದೆ, ಮುಕ್ಕಾಲು ಪಾಲು ಹೋಯಿತು, ಉಳಿದದ್ದು ತೊಂದರೆ ಕೊಡಲ್ಲ. ಗಾಡಿ ಜೊತೆ ಬಂದ ಆ ಜೋಡಿ ಕೇಬಲ್ ಕಂಪನಿಯದು, ಕತ್ತರಿಸೋ ಹಾಗಿಲ್ಲ. ಹಾಗೇ ಬಿಡಲಾ?

ಹಳೇ_ಸ್ಟೀರಿಂಗ್

ಬಿಡಿ, ಆದರೆ ತುದಿಗಳನ್ನು ಬಾಯಿ ತೆರೆದು ನೇತಾಡಿಸಬೇಡಿ. ಕನ್ನಡಿ ಹತ್ತಿರದ ಎರಡೂ ತುದಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು ಸುತ್ತಿ. ನೀರು ಒಳಗೆ ಹೋದರೆ ಜಾಲರಿಯಲ್ಲೇ ಇಂಗುತ್ತಾ ಅಡಿಗಟ್ಟಲೆ ಒಳಗೆ ಹೋಗುತ್ತೆ, ತಾಮ್ರ ಕಪ್ಪಾಗುತ್ತೆ. ಮುಂದೆ ಯಾರಾದರೂ ಎರಡು ಆಂಟೆನಾ ಹಾಕೋಕೆ ಬಂದರೆ ಅವರಿಗೆ ಕೇಬಲ್ ಸರಿ ಇರಬೇಕಲ್ಲ. ರೇಡಿಯೋ ಕಡೆಯ ಪ್ಲಗ್‌ಗೂ ಟೇಪ್ ಸುತ್ತಿ, "ಎರಡು ಆಂಟೆನಾಗೆ ಮಾತ್ರ" ಅಂತ ಒಂದು ಚೀಟಿ ಕಟ್ಟಿ.